ಚೈನ್‌ಸಾ ಚೈನು ಪದೇ ಪದೇ ಸಡಿಲಾಗುವುದೇಕೆ?

ಪ್ರಶ್ನೆ: ಹಾನಗಲ್ ಹತ್ತಿರ ನಮ್ಮದು ಮಾವಿನ ತೋಟ. ಕಾಯಿ ಇಳಿಸಿದ ಮೇಲೆ ಟೊಂಗೆ ಸವರಲು ಪೆಟ್ರೋಲ್ ಚೈನ್‌ಸಾ ಬಳಸುತ್ತೇವೆ. ಬಿಗಿ ಮಾಡಿದ ಚೈನು ಸ್ವಲ್ಪ ಹೊತ್ತಿಗೇ ಜೋತು ಬೀಳುತ್ತದೆ, ಒಮ್ಮೊಮ್ಮೆ ಕಳಚುತ್ತದೆ. ಎಷ್ಟು ಬಿಗಿ ಇರಬೇಕು?

ಉತ್ತರ: ಹೊಸ ಚೈನಾಗಿದ್ದರೆ ಗಾಬರಿ ಬೇಡ. ಮೊದಮೊದಲು ಅದು ಹಿಗ್ಗುವುದು ಸಹಜ. ನಡುನಡುವೆ ನಿಲ್ಲಿಸಿ ಸರಿಮಾಡಿಕೊಳ್ಳಿ. ಹಳೆಯದು ಹೀಗೆ ಮಾಡುತ್ತಿದ್ದರೆ ವಿಪರೀತ ಕಾಯುತ್ತಿರಬಹುದು. ಹಾಗಾಗಿ ಬಿಗಿ ಮಾಡುವ ಸ್ಕ್ರೂಗೆ ಕೈ ಹಾಕುವ ಮುಂಚೆ ಚೈನಿಗೆ ಎಣ್ಣೆ ಬರುತ್ತಿದೆಯೇ ನೋಡಿ. ಬಾರ್‌ನ (ಚೈನು ಸುತ್ತುವ ಉದ್ದನೆಯ ಪಟ್ಟಿಯ) ಮೂತಿಯನ್ನು ಬಿಳಿ ರಟ್ಟಿನ ಮೇಲೆ, ಒಂದು ಗೇಣು ದೂರದಲ್ಲಿ ಹಿಡಿದು ರೇಸ್ ಕೊಡಿ. ರಟ್ಟಿನ ಮೇಲೆ ಎಣ್ಣೆಯ ಸಣ್ಣ ಗೆರೆ ಮೂಡಬೇಕು. ಮೂಡದಿದ್ದರೆ ಇಂಜಿನ್ ನಿಲ್ಲಿಸಿ, ಬಾರ್ ಬಿಚ್ಚಿ, ಅದರ ಸಂದಿನಲ್ಲೂ ಎಣ್ಣೆಯ ತೂತಿನಲ್ಲೂ ಗಟ್ಟಿಯಾದ ಹೊಟ್ಟನ್ನು ಕೆರೆದು ತೆಗೆಯಿರಿ. ಟ್ರ್ಯಾಕ್ಟರ್‌ನಿಂದ ಇಳಿಸಿದ ಕರಿ ಎಣ್ಣೆಯನ್ನು ಇದಕ್ಕೆ ಸುರಿಯುವವರಿದ್ದಾರೆ. ದಯವಿಟ್ಟು ಬೇಡ, ಅದರೊಳಗಿನ ಲೋಹದ ಪುಡಿ ಬಾರನ್ನೂ ಪಂಪನ್ನೂ ತಿನ್ನುತ್ತದೆ.

ಇನ್ನೊಂದು ಕಾರಣ ಮೊಂಡು ಹಲ್ಲು. ಹರಿತ ಚೈನು ಚಕ್ಕೆ ಉದುರಿಸುತ್ತದೆ, ಮೊಂಡಾದದ್ದು ಹಿಟ್ಟಿನಂಥ ಪುಡಿ. ಬೊಡ್ಡೆಗೆ ಅಂಟಿದ ಕರಿಮಣ್ಣು ತಾಗಿದರೂ ಸಾಕು, ಹರಿತ ಹೋಯಿತು. ಹಲ್ಲಿನ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ: ಅಂಚಿನಲ್ಲಿ ಸಣ್ಣ ಬಿಳಿ ಗೆರೆ ಮಿಂಚಿದರೆ ಆ ಹಲ್ಲು ಇನ್ನೂ ಮೊಂಡು. ಚೈನಿಗೆ ಹೊಂದುವ ದಪ್ಪದ ದುಂಡು ಅರದಿಂದ ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಿ, ಎಲ್ಲ ಹಲ್ಲಿಗೂ ಸಮನಾಗಿ. ಒಂದು ಬದಿಗೆ ಹೆಚ್ಚಾದರೆ ಗರಗಸ ಓರೆಯಾಗಿ ಕೊಯ್ಯುತ್ತದೆ.

ಈಗ ಬಿಗಿಯ ಮಾತು. ಇಂಜಿನ್ ನಿಲ್ಲಿಸಿ, ಆರಲು ಬಿಡಿ, ಸ್ಪಾರ್ಕ್ ಪ್ಲಗ್ ಟೋಪಿ ಕಳಚಿ, ಕೈಗವಸು ಹಾಕಿ. ಬಾರ್ ನಟ್ ಸಡಿಲಿಸಿ, ಮೂತಿಯನ್ನು ಮೇಲಕ್ಕೆ ಎತ್ತಿ ಹಿಡಿದು ಸ್ಕ್ರೂ ತಿರುಗಿಸಿ. ಕೆಳಗೆ ಜೋತ ಚೈನು ಬಾರ್‌ಗೆ ತಾಗಿದ ಕೂಡಲೇ ನಿಲ್ಲಿಸಿ, ಮೂತಿ ಇಳಿಸದೆಯೇ ನಟ್ ಬಿಗಿಯಿರಿ. ಮೂತಿ ಎತ್ತದೆ ಬಿಗಿದರೆ ಮೊದಲ ಟೊಂಗೆಗೇ ಮತ್ತೆ ಸಡಿಲ. ಚೈನ್ ಬ್ರೇಕ್ ಬಿಟ್ಟು ಕೈಯಿಂದ ಎಳೆದಾಗ ಚೈನು ಸರಾಗವಾಗಿ ಸುತ್ತಬೇಕು.

ಕಾದಿರುವಾಗ ಬಿಗಿ ಮಾಡಬೇಕಾಗಿ ಬಂದರೆ ಕೆಲಸ ಮುಗಿದೊಡನೆ ಸಡಿಲಿಸಿ. ಇಲ್ಲದಿದ್ದರೆ ಆರಿದ ಚೈನು ಕುಗ್ಗಿ ಇಂಜಿನ್ನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟನ್ನೇ ಜಗ್ಗುತ್ತದೆ.

ಇಷ್ಟಾದರೂ ಕಳಚುತ್ತಿದ್ದರೆ ಚೈನನ್ನು ಓಡಿಸುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್ ನೋಡಿ. ಅದರಲ್ಲಿ ಆಳ ಗೀರು ಬಿದ್ದಿದ್ದರೆ ಬದಲಿಸುವವರೆಗೂ ಗರಗಸ ಚಾಲೂ ಮಾಡಬೇಡಿ. ಓಡುವಾಗ ಹರಿದ ಚೈನು ಹಿಡಿದವರ ಕೈಕಾಲಿಗೇ ಬಡಿಯಬಹುದು.