ಮುದುಡಿದ ಹವಳಕ್ಕೆ ಮೊದಲು ನೀರಿನ ಉಪಚಾರ

ಸಾರ್ಕೋಫೈಟಾನ್ ಎಂಬ ಮೃದು ಹವಳ ಆರೋಗ್ಯವಾಗಿದ್ದಾಗ ಅದರ ಅಗಲವಾದ ತಲೆಯ ತುಂಬ ಹೂವಿನಂತಹ ಪುಟ್ಟ ಪಾಲಿಪ್‌ಗಳು ಹೊರಚಾಚಿಕೊಂಡು ನೀರಿನ ಸೆಳೆತಕ್ಕೆ ತೂಗಾಡುತ್ತಿರುತ್ತವೆ. ಒಂದು ಬೆಳಿಗ್ಗೆ ನೋಡಿದರೆ ಅವೆಲ್ಲ ಒಳಗೆ ಸೇರಿಕೊಂಡಿವೆ, ತಲೆ ಕುಗ್ಗಿದೆ, ಬಣ್ಣ ಮಂಕಾಗಿದೆ. ಮನೆಯ ತೊಟ್ಟಿಯಲ್ಲಿ ಮೃದು ಹವಳ ಸಾಕುವವರಿಗೆ ಎದೆ ಝಲ್ಲೆನ್ನುವ ಗಳಿಗೆ ಅದು. ಗಾಬರಿಯಲ್ಲಿ ಅದನ್ನು ಬೇರೆ ಕಲ್ಲಿಗೆ ಸಾಗಿಸುತ್ತಾರೆ, ದೀಪ ಹೆಚ್ಚಿಸುತ್ತಾರೆ, ಅರ್ಧ ತೊಟ್ಟಿಯ ನೀರನ್ನು ಒಮ್ಮೆಗೇ ಬದಲಿಸುತ್ತಾರೆ, ಸಾಲದ್ದಕ್ಕೆ ಔಷಧಿಯನ್ನೂ ಸುರಿಯುತ್ತಾರೆ. ಕಾಯಿಲೆ ತಡೆದುಕೊಂಡ ಹವಳ ಈ ಉಪಚಾರವನ್ನು ತಡೆದುಕೊಳ್ಳುವುದಿಲ್ಲ. ಮೊದಲ ದಿನ ಮಾಡಬೇಕಾದದ್ದು ಎರಡೇ ಕೆಲಸ: ಹವಳವನ್ನು ಕೆದಕದೆ ಚೆನ್ನಾಗಿ ನೋಡುವುದು, ನೀರನ್ನು ಅಳೆಯುವುದು.

ನೋಡುವುದೆಂದರೆ ಕೊಳೆತವನ್ನೂ ಪೊರೆ ಕಳಚುವುದನ್ನೂ ಬೇರೆ ಬೇರೆಯಾಗಿ ಗುರುತಿಸುವುದು. ಸಾರ್ಕೋಫೈಟಾನ್ ಆಗಾಗ ತನ್ನ ಮೈಮೇಲೆ ಮೇಣದಂತೆ ಹೊಳೆಯುವ ತೆಳು ಪದರವನ್ನು ಕಟ್ಟಿಕೊಳ್ಳುತ್ತದೆ. ಆಗ ಪಾಲಿಪ್‌ಗಳು ಹೊರಬರುವುದಿಲ್ಲ. ಕೆಲವು ದಿನಗಳಿಂದ ಹಿಡಿದು ಒಂದೆರಡು ವಾರದೊಳಗೆ ಆ ಪದರ ಅಂಚಿನಲ್ಲಿ ಬಿಟ್ಟುಕೊಂಡು, ಚಿಂದಿ ಚಿಂದಿಯಾಗಿ ನೀರಿಗೆ ಹೋಗುತ್ತದೆ. ಮೈಮೇಲೆ ಕೂತ ಪಾಚಿ, ಕಸ, ಸೂಕ್ಷ್ಮಜೀವಿಗಳೆಲ್ಲ ಅದರ ಜೊತೆಗೇ ತೊಲಗುತ್ತವೆ. ಇದು ಕಾಯಿಲೆಯಲ್ಲ, ಅದರ ಸ್ನಾನ. ಈ ಹೊತ್ತಿನಲ್ಲಿ ನಾವು ನೆರವಾಗಬಹುದಾದದ್ದು ನೀರಿನ ಹರಿವನ್ನು ತುಸು ಹೆಚ್ಚಿಸಿ ಮಾತ್ರ. ಪದರವನ್ನು ಬೆರಳಿನಿಂದ ಸುಲಿಯಲು ಹೋಗಬಾರದು. ಕೆಳಗಿನ ಅಂಗಾಂಶ ಹರಿಯುತ್ತದೆ.

ಕೊಳೆತದ ಚಹರೆ ಬೇರೆ. ಮೈಯ ಒಂದು ಭಾಗ ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿ ಲೋಳೆಯಾಗುತ್ತದೆ, ಒತ್ತಿದರೆ ಕುಸಿಯುತ್ತದೆ, ನೀರಿನಿಂದ ಎತ್ತಿದರೆ ದುರ್ನಾತ ಬರುತ್ತದೆ. ಪೊರೆ ಕಟ್ಟಿದ ಹವಳ ಕುಗ್ಗಿದ್ದರೂ ಗಟ್ಟಿಯಾಗಿಯೇ ಇರುತ್ತದೆ. ಮೂಗು ಮತ್ತು ಬೆರಳ ತುದಿ ಹೇಳುವ ಈ ವ್ಯತ್ಯಾಸವನ್ನು ಯಾವ ಪರೀಕ್ಷಾ ಕಿಟ್ಟೂ ಹೇಳಲಾರದು.

ಇಷ್ಟೊಂದು ಕುಗ್ಗುವುದು, ಹಿಗ್ಗುವುದು ಮೃದು ಹವಳಕ್ಕೆ ಸಾಧ್ಯವಾಗಿರುವುದು ಅದರ ಮೈಕಟ್ಟಿನಿಂದ. ದಿಬ್ಬ ಕಟ್ಟುವ ಗಟ್ಟಿ ಹವಳಗಳಂತೆ ಇದಕ್ಕೆ ಸುಣ್ಣದ ಅಸ್ಥಿಪಂಜರವಿಲ್ಲ. ಮಾಂಸದೊಳಗೆ ಹರಡಿಕೊಂಡ ಸೂಕ್ಷ್ಮ ಸುಣ್ಣದ ಮುಳ್ಳುಗಳೇ ಅದಕ್ಕೆ ಬಲ. ಉಳಿದಂತೆ ಅದು ನಿಂತಿರುವುದು ಒಳಗಿನ ಕಾಲುವೆಗಳಲ್ಲಿ ತುಂಬಿಕೊಂಡ ನೀರಿನ ಒತ್ತಡದಿಂದ. ಒಂದು ಪಾಲಿಪ್ಪನ್ನು ಭೂತಗನ್ನಡಿ ಹಿಡಿದು ನೋಡಿ: ಎಂಟೇ ಎಂಟು ತೋಳುಗಳು, ಪ್ರತಿ ತೋಳಿನ ಎರಡೂ ಬದಿಗೆ ಗರಿಯಂತೆ ಸಣ್ಣ ಎಸಳುಗಳು. ಈ ಎಂಟರ ಲೆಕ್ಕ ತಪ್ಪುವುದಿಲ್ಲ. ಸಿನುಲೇರಿಯಾ, ಝೀನಿಯಾ, ಸಮುದ್ರ ಬೀಸಣಿಗೆಗಳೆಲ್ಲ ಇದೇ ಬಳಗ.

ಒಳಗೂ ಹೊರಗೂ ನೀರೇ ಆಗಿರುವ ಜೀವಿಗೆ ನೀರಿನ ಉಪ್ಪಿನಂಶ ಏರುಪೇರಾದರೆ ಮೊದಲ ಪೆಟ್ಟು ಬೀಳುತ್ತದೆ. ತನ್ನ ಮೈಯ ಲವಣಾಂಶವನ್ನು ಸ್ವತಂತ್ರವಾಗಿ ಕಾಯ್ದುಕೊಳ್ಳುವ ವ್ಯವಸ್ಥೆ ಹವಳಕ್ಕಿಲ್ಲ. ಆದ್ದರಿಂದ ಅಳೆಯುವಾಗ ಉಪ್ಪಿನಿಂದಲೇ ಆರಂಭಿಸುವುದು ಒಳ್ಳೆಯದು. ಸಾವಿರಕ್ಕೆ 35 ಭಾಗ, ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026, ಸಮುದ್ರದ ಸಹಜ ಅಳತೆ. ಉಪ್ಪನ್ನು ಅಳೆಯುವ, ಮುಳ್ಳು ಏರಿಳಿಯುವ ಅಗ್ಗದ ಹೈಡ್ರೋಮೀಟರ್‌ನಲ್ಲಿ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಸಾಕು, ಇಲ್ಲದ ಉಪ್ಪು ಇರುವಂತೆ ಕಾಣುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪನ್ನು ಅಳೆಯುವ ರಿಫ್ರಾಕ್ಟೋಮೀಟರ್ ಇದ್ದರೆ ಅದನ್ನು ಬರಿಯ ಶುದ್ಧ ನೀರಿನಿಂದಲ್ಲ, 35ರ ಮಾನಕ ದ್ರಾವಣದಿಂದ ಸರಿಹೊಂದಿಸಿಕೊಳ್ಳಬೇಕು. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದ ಮಟ್ಟವನ್ನು ಉಪ್ಪಿಲ್ಲದ ಶುದ್ಧೀಕರಿಸಿದ ನೀರಿನಿಂದಲೇ ತುಂಬಬೇಕು. ಅಳತೆ ತಪ್ಪಿರುವುದು ಗೊತ್ತಾದರೆ ದಿನಕ್ಕೆ ಸಾವಿರಕ್ಕೆ ಒಂದು ಭಾಗದಷ್ಟೇ ತಿದ್ದಿ. ತಪ್ಪು ಅಂಕಿಗೆ ಒಗ್ಗಿಕೊಂಡಿರುವ ಹವಳವನ್ನು ದಿಢೀರನೆ ಸರಿಯಾದ ಅಂಕಿಗೆ ತಂದರೂ ಅದು ಆಘಾತವೇ.

ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರವಾಗಿರಲಿ. ಅಮೋನಿಯಾ ಲೇಶವೂ ಇರಕೂಡದು. ನೈಟ್ರೇಟ್ ಮತ್ತು ಫಾಸ್ಫೇಟ್ ವಿಷಯದಲ್ಲಿ ಮಾತ್ರ ಹಳೆಯ ನಂಬಿಕೆಯೊಂದನ್ನು ಬಿಡಬೇಕಾಗುತ್ತದೆ. ಇವೆರಡೂ ಸೊನ್ನೆಯಾದಷ್ಟೂ ತೊಟ್ಟಿ ಚೊಕ್ಕಟ ಎಂದುಕೊಂಡು ಶೋಧಕದ ಮೇಲೆ ಶೋಧಕ ಹಾಕಿದವರ ತೊಟ್ಟಿಯಲ್ಲಿ ಮೃದು ಹವಳಗಳು ಸೊರಗಿ ಬಿಳಿಚಿಕೊಳ್ಳುತ್ತವೆ. ಹವಳದ ಜೀವಕೋಶಗಳೊಳಗೆ ವಾಸಿಸುವ ಝೂಕ್ಸಾಂಥೆಲೆ ಎಂಬ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ತನ್ನ ಯಜಮಾನನಿಗೆ ಉಣಿಸುತ್ತದೆ. ಆ ಪಾಚಿಗೂ ಸಾರಜನಕ, ರಂಜಕ ಬೇಕಲ್ಲ! ಲೀಟರಿಗೆ 5ರಿಂದ 10 ಮಿಲಿಗ್ರಾಂ ನೈಟ್ರೇಟ್, 0.05ರ ಆಸುಪಾಸು ಫಾಸ್ಫೇಟ್ ಇದ್ದರೆ ಮೃದು ಹವಳಕ್ಕೆ ಹಿತ.

ಅಳತೆಗಳೆಲ್ಲ ಸರಿಯಿದ್ದೂ ಹವಳ ಮುದುಡಿಯೇ ಇದ್ದರೆ ನೆರೆಹೊರೆಯ ಮೇಲೆ ಕಣ್ಣಿಡಬೇಕು. ಮೃದು ಹವಳಗಳು ರಸಾಯನಶಾಸ್ತ್ರದಲ್ಲಿ ಪಳಗಿದ ಜೀವಿಗಳು. 1969ರಲ್ಲಿ ಕೆರಿಬಿಯನ್ ಸಮುದ್ರದ ಪ್ಲೆಕ್ಸೌರಾ ಹೋಮೊಮಲ್ಲಾ ಎಂಬ ಸಮುದ್ರ ಬೀಸಣಿಗೆಗಳ ಹತ್ತಿರದ ಹವಳದಲ್ಲಿ ಹಾರ್ಮೋನಿನಂತೆ ಕೆಲಸ ಮಾಡುವ ಪ್ರೊಸ್ಟಗ್ಲಾಂಡಿನ್‌ಗಳು ಹೇರಳವಾಗಿ ಸಿಕ್ಕಾಗ ಔಷಧ ವಿಜ್ಞಾನಿಗಳೇ ಬೆರಗಾಗಿದ್ದರು. 1983ರಲ್ಲಿ ಪಾಲ್ ಸಮಾರ್ಕೊ, ಜಾನ್ ಕೋಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಮೃದು ಹವಳಗಳ ಪಕ್ಕದಲ್ಲಿದ್ದ ಗಟ್ಟಿ ಹವಳಗಳು ಹಾನಿಗೊಳಗಾದವು. ಸಾಗರದಲ್ಲಾದರೆ ಮೃದು ಹವಳಗಳು ನೀರಿಗೆ ಬಿಡುವ ಇಂತಹ ರಾಸಾಯನಿಕಗಳು ಕರಗಿಹೋಗುತ್ತವೆ. ತೊಟ್ಟಿಯಲ್ಲಿ ಅದೇ ನೀರು ಸುತ್ತುತ್ತಿರುತ್ತದೆ. ಇದಕ್ಕೆ ಪರಿಹಾರ ಸುಲಭ. ಸಕ್ರಿಯ ಇದ್ದಿಲನ್ನು ನೀರು ಹಾದುಹೋಗುವ ಕಡೆ ಇಟ್ಟು, ಕೆಲವು ವಾರಕ್ಕೊಮ್ಮೆ ಬದಲಿಸಿ. ಜೊತೆಗೆ ವಾರಕ್ಕೆ ನೂರಕ್ಕೆ ಹತ್ತರಷ್ಟು ನೀರು ಬದಲಾವಣೆ. ಸೊರಗಿದ ಹವಳಕ್ಕೆ ಇವೆರಡಕ್ಕಿಂತ ಉತ್ತಮ ಔಷಧ ನನಗೆ ಕಂಡಿಲ್ಲ. ರಾತ್ರಿ ಟಾರ್ಚ್ ಹಿಡಿದು ಬುಡವನ್ನೂ ನೋಡಿ; ಚಪ್ಪಟೆ ಹುಳುಗಳು, ಚಿಪ್ಪಿಲ್ಲದ ಸಮುದ್ರ ಬಸವನಹುಳುಗಳು, ಬಿಳಿ ಚಿಪ್ಪಿನ ಓವುಲಾ ಎಂಬ ಬಸವನಹುಳು ಇವೆಲ್ಲ ಮೃದು ಹವಳವನ್ನು ಮೇಯುವವು. ಮೀನಿಗೆಂದು ತಾಮ್ರದ ಔಷಧಿಯನ್ನು ಈ ತೊಟ್ಟಿಗೆ ಎಂದೂ ಹಾಕಬಾರದು.

ಬಿಳಿಚಿದ ಹವಳಕ್ಕೆ ಹೆಚ್ಚು ಬೆಳಕು ಬೇಕೆನಿಸುವುದು ಸಹಜ. ಆದರೆ ಪಾಚಿ ಕಳೆದುಕೊಂಡ ಅಂಗಾಂಶಕ್ಕೆ ಪ್ರಖರ ಬೆಳಕು ಇನ್ನಷ್ಟು ಹಾನಿ ಮಾಡುತ್ತದೆ. ದೀಪವನ್ನು ತಗ್ಗಿಸಿ, ಬಣ್ಣ ಮರಳಿದಂತೆ ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿ.

ಈ ಎಲ್ಲ ತಾಳ್ಮೆಗೆ ಒಂದೇ ಅಪವಾದ ಕೊಳೆತ. ಅದು ಗಂಟೆಗಳಲ್ಲಿ ಹಬ್ಬಬಲ್ಲದು, ಪಕ್ಕದ ಜೀವಿಗಳಿಗೆ ಅಮೋನಿಯಾ ಉಣಿಸಬಲ್ಲದು. ಕೈಗವಸು, ಕನ್ನಡಕ ಧರಿಸಿ ಹವಳವನ್ನು ತೊಟ್ಟಿಯದೇ ನೀರು ತುಂಬಿದ ಪಾತ್ರೆಗೆ ತೆಗೆದುಕೊಳ್ಳಿ. ಹೊಸ ಬ್ಲೇಡಿನಿಂದ, ಕೊಳೆತ ಭಾಗದ ಗಡಿಯಲ್ಲಲ್ಲ, ಗಡಿ ದಾಟಿ ಗಟ್ಟಿ ಮಾಂಸದೊಳಗೆ ಒಂದೇ ಏಟಿಗೆ ಕತ್ತರಿಸಿ. ಕೊಯ್ದ ಮುಖದಲ್ಲಿ ಕಂದು ಎಳೆ ಕಂಡರೆ ಇನ್ನೂ ತುಸು ಒಳಗೆ ಕೊಯ್ಯಬೇಕು. ಬೇರೆ ಪಾತ್ರೆಯ ತೊಟ್ಟಿನೀರಿಗೆ ಹವಳಕ್ಕೆಂದೇ ತಯಾರಿಸಿದ ಅಯೋಡಿನ್ ದ್ರಾವಣವನ್ನು ಸೀಸೆಯ ಮೇಲೆ ಬರೆದ ಪ್ರಮಾಣದಲ್ಲಿ ಬೆರೆಸಿ, ಹೇಳಿದಷ್ಟು ನಿಮಿಷ ಮಾತ್ರ ಅದ್ದಿ ತೆಗೆಯಿರಿ. ಆ ನೀರನ್ನು ತೊಟ್ಟಿಗೆ ಹಿಂತಿರುಗಿಸಬೇಡಿ.

ಉಳಿದ ತುಂಡನ್ನು ಗೋಂದಿನಿಂದ ಅಂಟಿಸಲು ಹೋದರೆ ಲೋಳೆಯ ಮೇಲೆ ಗೋಂದು ನಿಲ್ಲುವುದಿಲ್ಲ. ಪುಟ್ಟ ಕಲ್ಲಿನ ಮೇಲೆ ಇಟ್ಟು ಸಡಿಲವಾದ ಬಲೆಬಟ್ಟೆ ಹೊದಿಸಿ, ಮಂದ ಬೆಳಕಿರುವ, ನೀರು ನಿಧಾನವಾಗಿ ಸುಳಿಯುವ ಮೂಲೆಯಲ್ಲಿ ಬಿಡಿ; ಕೆಲವು ವಾರಗಳಲ್ಲಿ ಅದೇ ಕಲ್ಲನ್ನು ಹಿಡಿದುಕೊಳ್ಳುತ್ತದೆ. ಮೊದಲು ಮೈ ಉಬ್ಬಿಕೊಳ್ಳುತ್ತದೆ, ಪಾಲಿಪ್‌ಗಳು ಎಷ್ಟೋ ದಿನ ತಡವಾಗಿ ಬರುತ್ತವೆ. ಆ ತಡವನ್ನು ಸೋಲೆಂದುಕೊಂಡು ಮತ್ತೆ ಕೆದಕಬೇಡಿ. ಕೊಳೆತ ತಲೆಯನ್ನು ತೆಗೆದ ಮೇಲೆ ಹಳೆಯ ಕಲ್ಲಿನಲ್ಲಿ ಬರಿಯ ಬುಡ ಉಳಿದಿದ್ದರೆ ಅದನ್ನೂ ಎಸೆಯಬೇಡಿ. ಬುಡ ಗಟ್ಟಿಯಾಗಿದ್ದರೆ ಸಾರ್ಕೋಫೈಟಾನ್ ಅದರಿಂದಲೇ ಹೊಸ ತಲೆ ಬೆಳೆಸುತ್ತದೆ.