ಮಾರ್ಟಿನಿಯಲ್ಲಿ ವರ್ಮೂತ್ ಕಡಿಮೆಯಾಗುತ್ತ ಬಂದದ್ದು ಹೇಗೆ

ಜಿನ್ನಿಗೆ ವರ್ಮೂತ್ ಬೆರೆಸಿ ಮನೆಯಲ್ಲಿ ಮಾಡಿದ ಮಾರ್ಟಿನಿ ಕೆಟ್ಟಿದ್ದರೆ ಜಿನ್ನನ್ನು ದೂರುವ ಮೊದಲು ವರ್ಮೂತಿನ ಬಾಟಲಿಯನ್ನು ಮೂಸಿ ನೋಡಬೇಕು. ವರ್ಮೂತ್ ವೈನಿನ ಜಾತಿಯದು: ದ್ರಾಕ್ಷಿಯ ವೈನಿಗೆ ಸ್ವಲ್ಪ ಸ್ಪಿರಿಟ್, ಕಹಿ ಬೇರು, ಮೂಲಿಕೆಗಳನ್ನು ಸೇರಿಸಿ ಮಾಡಿದ್ದು, ಸುಮಾರು ಶೇ. 15ರಿಂದ 18ರಷ್ಟು ಆಲ್ಕೋಹಾಲ್ ಇರುವಂಥದ್ದು. ಮುಚ್ಚಳ ತೆರೆದ ಮೇಲೆ ಗಾಳಿ ತಾಗಿ ಅದು ಹಾಳಾಗುತ್ತ ಹೋಗುತ್ತದೆ. ಕಾಸರಗೋಡಿನ ಸೆಕೆಯಲ್ಲಿ, ವಿಸ್ಕಿಯ ಪಕ್ಕ ಕಪಾಟಿನಲ್ಲಿಟ್ಟರೆ ಕೆಲವೇ ವಾರ ಸಾಕು. ಬಣ್ಣ ಗಾಢವಾಗುತ್ತದೆ, ಪರಿಮಳ ಹೋಗುತ್ತದೆ, ಹುಳಿ ಮಾತ್ರ ಉಳಿಯುತ್ತದೆ.

ಈ ಪಾನೀಯದ ಮೊದಲ ರೂಪದಲ್ಲಿ ವರ್ಮೂತ್ ಧಾರಾಳವಾಗಿತ್ತು. 1884ರಲ್ಲಿ ಅಮೆರಿಕದಲ್ಲಿ ಅಚ್ಚಾದ ಒ. ಎಚ್. ಬೈರನ್ನನ ಕೈಪಿಡಿ ‘ಮಾರ್ಟಿನೆಜ್’ ಎಂಬುದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತದೆ: ಮ್ಯಾನ್‌ಹಟನ್ (ವಿಸ್ಕಿ, ವರ್ಮೂತ್ ಬೆರೆಸಿದ ಪಾನೀಯ) ಮಾಡಿದಂತೆಯೇ ಮಾಡಿ, ವಿಸ್ಕಿಯ ಬದಲು ಜಿನ್ ಹಾಕಿ. ಅಮೆರಿಕದ ಬಾರ್ಟೆಂಡರ್ ಜೆರ್ರಿ ಥಾಮಸ್‌ನ ಪುಸ್ತಕದ 1887ರ ಆವೃತ್ತಿಯಲ್ಲಂತೂ ಜಿನ್ನಿಗಿಂತ ವರ್ಮೂತೇ ಹೆಚ್ಚು, ಜಿನ್ ಕೂಡ ಸಿಹಿ ಬೆರೆತ ಓಲ್ಡ್ ಟಾಮ್. ಆಮೇಲೆ ಸಿಹಿಯಿಲ್ಲದ ಲಂಡನ್ ಡ್ರೈ ಜಿನ್ನೂ ಫ್ರಾನ್ಸಿನ ಒಣ (‘ಡ್ರೈ’, ಅಂದರೆ ಸಿಹಿ ಕಡಿಮೆಯ) ವರ್ಮೂತೂ ಜೊತೆಯಾದವು. 1930ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿನ ಬಾರ್ಟೆಂಡರ್ ಹ್ಯಾರಿ ಕ್ರ್ಯಾಡಕ್ ಬರೆದ ಅಳತೆಯಲ್ಲಿ ಡ್ರೈ ಮಾರ್ಟಿನಿಗೆ ಎರಡು ಪಾಲು ಜಿನ್, ಒಂದು ಪಾಲು ವರ್ಮೂತ್. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್, ಇಟಲಿಗಳಿಂದ ವರ್ಮೂತ್ ಬರುವುದು ಕಷ್ಟವಾಯಿತು. 1950ರ ದಶಕದ ಹೊತ್ತಿಗೆ ಕೆಲವೇ ಹನಿ ಹಾಕುವುದು ದೊಡ್ಡಸ್ತಿಕೆಯಾಯಿತು.

ಇದರಲ್ಲೊಂದು ವಿಷವರ್ತುಲವಿದೆ. 750 ಮಿ.ಲೀ. ಬಾಟಲಿಯಿಂದ ಸಲಕ್ಕೆ 15 ಮಿ.ಲೀ. ತೆಗೆದರೆ 50 ಗ್ಲಾಸಿಗೆ ಬರುತ್ತದೆ. 5 ಮಿ.ಲೀ. ಮಾತ್ರ ತೆಗೆದರೆ 150 ಗ್ಲಾಸಿಗೆ! ಕಡಿಮೆ ಹಾಕಿದಷ್ಟೂ ಬಾಟಲಿ ಹೆಚ್ಚು ಕಾಲ ತೆರೆದಿರುತ್ತದೆ, ರುಚಿ ಇನ್ನೂ ಕೆಡುತ್ತದೆ, ಮುಂದಿನ ಸಲ ಕೈ ಮತ್ತೂ ಹಿಂದೆ ಸರಿಯುತ್ತದೆ.

ಮಾರ್ಟಿನಿ ಹೀಗೆ ಬದಲಾಗುತ್ತಿದ್ದ ಕಾಲದಲ್ಲಿ ನಮ್ಮ ಕಡೆ ಅದರ ಪರಿಚಯವಾಗುವುದಕ್ಕೆ ಅವಕಾಶವೇ ಕಡಿಮೆಯಿತ್ತು. ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡದಲ್ಲಿದ್ದಾಗಲೇ ಪಾನನಿಷೇಧ ಬಂದಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೂ ನಿಷೇಧ ಮುಂದುವರಿದು 1967ರಲ್ಲಿ ತೆರವಾಯಿತು. 1984ರಲ್ಲಿ ಮದ್ಯ ಮಾರುವ ಸರಕಾರಿ ಸಂಸ್ಥೆ ಬಿವರೇಜಸ್ ಕಾರ್ಪೊರೇಷನ್ ಬಂತು, 1996ರಲ್ಲಿ ಸಾರಾಯಿ ನಿಂತಿತು. ಇಂದಿಗೂ ಇಲ್ಲಿ ಓಡುವುದು ರಮ್ಮು, ಬ್ರಾಂಡಿ. ವರ್ಮೂತ್ ಎಲ್ಲ ಔಟ್‌ಲೆಟ್‌ಗಳಲ್ಲಿ ಸಿಗುವ ಸರಕಲ್ಲ. ಹಾಗೆಂದು ಮಂಗಳೂರಿನಲ್ಲಿ ಕೊಂಡು ಪರವಾನಗಿಯಿಲ್ಲದೆ ತಲಪಾಡಿಯ ಗಡಿ ದಾಟಿಸಿದರೆ ಅಬಕಾರಿ ಕೇಸಾಗುತ್ತದೆ. ಕೇರಳದಲ್ಲಿ 23 ವರ್ಷ ತುಂಬದವರು ಕೊಳ್ಳುವಂತಿಲ್ಲ, ತಿಂಗಳ 1ನೇ ತಾರೀಕು ಔಟ್‌ಲೆಟ್ ಮುಚ್ಚಿರುತ್ತದೆ.

ಕೊಳ್ಳುವಾಗ ಲೇಬಲ್ ಓದಿ. ‘ಬಿಯಾಂಕೊ’ ಎಂದು ಬರೆದದ್ದು ನೋಡಲು ತಿಳಿಯಾಗಿದ್ದರೂ ಸಿಹಿ, ‘ರೊಸ್ಸೊ’ ಕೆಂಪು ಮತ್ತು ಸಿಹಿ. ಬೇಕಾದದ್ದು ‘ಡ್ರೈ’ ಅಥವಾ ‘ಎಕ್ಸ್‌ಟ್ರಾ ಡ್ರೈ’. ಮನೆಗೆ ತಂದ ದಿನವೇ ತೊಳೆದು ಪೂರ್ತಿ ಒಣಗಿಸಿದ ನಾಲ್ಕು ಗಾಜಿನ ಕ್ವಾರ್ಟರ್ ಬಾಟಲಿಗಳಿಗೆ ಕತ್ತಿನವರೆಗೂ ತುಂಬಿ ಫ್ರಿಜ್ಜಿನಲ್ಲಿಡಿ. 180ರ ನಾಲ್ಕು ತುಂಬಿ ಉಳಿಯುವ 30 ಮಿ.ಲೀ. ಆವತ್ತಿನ ಎರಡು ಗ್ಲಾಸಿಗೆ ಸರಿ. ತೆರೆದ ಬಾಟಲಿಯನ್ನು ತಿಂಗಳೊಳಗೆ ಮುಗಿಸುವುದು ಒಳ್ಳೆಯದು.

ಒಂದು ಗ್ಲಾಸಿಗೆ 60 ಮಿ.ಲೀ. ಜಿನ್, 15 ಮಿ.ಲೀ. ಒಣ ವರ್ಮೂತ್. ನಮ್ಮ ದೇಶದಲ್ಲಿ ತಯಾರಾಗುವ ಜಿನ್ ಸಾಮಾನ್ಯವಾಗಿ ಶೇ. 42.8ರದ್ದು, ಈ ಅಳತೆಗೆ ಚೆನ್ನಾಗಿಯೇ ಹೊಂದುತ್ತದೆ. ವರ್ಮೂತ್ ತಾಜಾ ಇದ್ದರೆ ಕ್ರ್ಯಾಡಕ್‌ನ ಎರಡಕ್ಕೊಂದನ್ನೂ ಮಾಡಿ, 50ಕ್ಕೆ 25. ಮೂಲಿಕೆಯ ಪರಿಮಳ ಆಗಲೇ ಗೊತ್ತಾಗುವುದು. ದಪ್ಪ ಗಾಜಿನ ಲೋಟದ ಮುಕ್ಕಾಲು ಭಾಗ ಐಸ್ ಕ್ಯೂಬ್ ತುಂಬಿ, ಎರಡನ್ನೂ ಹೊಯ್ದು, ಉದ್ದ ಚಮಚದಿಂದ 30 ಸೆಕೆಂಡ್ ತಿರುಗಿಸಿ, ಫ್ರೀಜರಿನಲ್ಲಿಟ್ಟ ಚಿಕ್ಕ ಗ್ಲಾಸಿಗೆ ಸೋಸಿ. 75 ಮಿ.ಲೀ. ಇದ್ದದ್ದು ಸುಮಾರು 95 ಆಗಬೇಕು. ಆ 20 ಮಿ.ಲೀ. ನೀರಿನಿಂದಲೇ ಕಟುತ್ವ ಇಳಿದು ಆಲ್ಕೋಹಾಲ್ ಸುಮಾರು ಶೇ. 30ಕ್ಕೆ ಬರುತ್ತದೆ. ಕುಲುಕಿದರೆ ಗಾಳಿಗುಳ್ಳೆ, ಐಸಿನ ಚೂರು ಸೇರಿ ಮಬ್ಬಾಗುತ್ತದೆ, ನೀರೂ ಹೆಚ್ಚಾಗುತ್ತದೆ. ಜಿನ್ನನ್ನು ಫ್ರೀಜರಿನಲ್ಲೇ ಇಡುವವರಿಗೆ ಎದುರಾಗುವ ತೊಂದರೆ ಬೇರೆ: ಐಸ್ ಕರಗುವುದೇ ಇಲ್ಲ, ಗಂಟಲು ಸುಡುತ್ತದೆ. ಅಂಥವರು 10ರಿಂದ 15 ಮಿ.ಲೀ. ತಣ್ಣೀರು ಅಳೆದು ಹಾಕಬೇಕು.

ಐಸಿನ ಬಗ್ಗೆ ಕರಾವಳಿಯ ಮನೆಗಳಿಗೆ ವಿಶೇಷವಾಗಿ ಹೇಳಬೇಕು. ಮೀನಿಟ್ಟ ಫ್ರೀಜರಿನಲ್ಲಿ ಟ್ರೇ ತೆರೆದಿಟ್ಟರೆ ಐಸಿಗೂ ಆ ವಾಸನೆ ಹಿಡಿಯುತ್ತದೆ, ಜಿನ್ನಿನಲ್ಲಿ ಅದನ್ನು ಮುಚ್ಚಲಾಗದು. ಮುಚ್ಚಳವಿರುವ ಟ್ರೇ ಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಅರೆಕರಗಿ ಮತ್ತೆ ಗಟ್ಟಿಯಾದ ಐಸನ್ನು ಬಿಸಾಡಿ ಹೊಸದಾಗಿ ಮಾಡಿ.

ಮೇಲೆ ನಿಂಬೆರಸ ಹಿಂಡಬಾರದು. ಬೇಕಾದದ್ದು ಸಿಪ್ಪೆಯ ಎಣ್ಣೆ. ನಮ್ಮ ಸಣ್ಣ ನಿಂಬೆಯ ಸಿಪ್ಪೆ ತೆಳು, ಕಹಿ ಬೇಗ ಬಿಡುತ್ತದೆ. ಗಜನಿಂಬೆ ಸಿಕ್ಕಿದರೆ ಒಳಗಿನ ಬಿಳಿ ಬಾರದಂತೆ ಹೆಬ್ಬೆರಳಿನಷ್ಟು ಹೆರೆದು, ಹೊರಮೈ ಕೆಳಗಾಗುವಂತೆ ಗ್ಲಾಸಿನ ಮೇಲೆ ಹಿಚುಕಿ. ಆಲಿವ್ ಕಾಯಿ ಹಾಕಿಟ್ಟ ಉಪ್ಪುನೀರು ಬೆರೆಸಿ ಕುಡಿಯುವ ಪದ್ಧತಿಯೂ ಇದೆ. ಆಲಿವ್ ಇಲ್ಲದಿದ್ದರೆ ಭರಣಿಯಲ್ಲಿ ಹಾಕಿಟ್ಟ ಮಾವಿನಕಾಯಿಯ ಉಪ್ಪುನೀರು ನಡೆಯುತ್ತದೆ, ಆದರೆ ಅದು ತೀರಾ ಉಪ್ಪು. ಅರ್ಧ ಟೀ ಚಮಚ ದಾಟಬಾರದು, ಬಟ್ಟೆಯಲ್ಲಿ ಸೋಸದೆ ಹಾಕಲೂಬಾರದು.