ಓದುಗರ ಪ್ರಶ್ನೆ: ಡೈವರ್ ಇರುವಾಗ ಸಮುದ್ರದ ಬೋಯ್ ನೋಡೋಕೆ ರೋಬೋಟ್ ಯಾಕೆ?

ಕೋಣಂದೂರು ಕಡೆಯ ಓದುಗರೊಬ್ಬರು ಕೇಳಿದ್ದಾರೆ:

"ನಮ್ಮ ಅಕ್ಕನ ಮಗ ಡಿಪ್ಲೊಮಾ ಮುಗಿಸಿ ಮಂಗಳೂರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಸಮುದ್ರದಲ್ಲಿರೋ ಎಣ್ಣೆ ಬೋಯ್ ತಪಾಸಣೆ ಮಾಡೋದಂತೆ. 'ನೀರೊಳಗೆ ರೋಬೋಟ್ ಬಿಟ್ಟು ನೋಡ್ತೀವಿ ಮಾವ' ಅಂತಾನೆ. ಬೋಯ್ ತೇಲ್ತಾ ಇರೋ ವಸ್ತು, ಮೇಲೇ ಕಾಣುತ್ತೆ. ಅಡಿ ನೋಡಬೇಕಿದ್ರೆ ಡೈವರ್ ಒಬ್ಬ ಮುಳುಗಿದ್ರೆ ಆಯ್ತಲ್ಲ? ಅದಕ್ಕೊಂದು ರೋಬೋಟ್, ದೊಡ್ಡ ಬೋಟು, ಅಷ್ಟೊಂದು ಜನ ಯಾಕೆ ಸಾರ್? ಇನ್ನೊಂದು, ಇದೇ ರೋಬೋಟನ್ನ ನಮ್ಮ ಲಿಂಗನಮಕ್ಕಿಗೆ ಇಳಿಸಬಹುದಾ?"

ಘಟ್ಟ ಇಳಿದು ಇಂಥ ಕೆಲಸಕ್ಕೆ ಹೋಗುವ ಹುಡುಗರ ಮನೆಯವರು ಈ ಪ್ರಶ್ನೆಯನ್ನು ಆಗಾಗ ಕೇಳುತ್ತಾರೆ. ಅವರಿಗೆ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ: "ಸಮುದ್ರ ತುಂಬಾ ಆಳ, ಮನುಷ್ಯ ಹೋಗೋಕಾಗಲ್ಲ." ನಮ್ಮ ಕರಾವಳಿಯ ಮಟ್ಟಿಗೆ ಈ ಉತ್ತರ ಸರಿಯಲ್ಲ. ಅಲ್ಲಿಯ ಆಳಕ್ಕೆ ಮನುಷ್ಯ ಆರಾಮಾಗಿ ಹೋಗಬಹುದು. ಹೆಚ್ಚು ಹೊತ್ತು ಇರೋಕಾಗಲ್ಲ, ಅಷ್ಟೇ.

ಮೊದಲು ಬೋಯ್ ಏನು ಅಂತ ನೋಡೋಣ. ಕಚ್ಚಾ ತೈಲ ತರುವ ದೊಡ್ಡ ಹಡಗು ಸುಮಾರು 330 ಮೀಟರ್ ಉದ್ದ ಇರುತ್ತದೆ. ಒಂದು ಸಲಕ್ಕೆ ಸುಮಾರು 20 ಲಕ್ಷ ಬ್ಯಾರೆಲ್ ಹೊತ್ತು ತರುತ್ತದೆ. ತುಂಬಿದಾಗ ಅದರ ಹೊಟ್ಟೆ 20 ಮೀಟರಿಗಿಂತ ಕೆಳಗೆ ಮುಳುಗಿರುತ್ತದೆ. ಅಂಥ ಹಡಗು ಬಂದರಿನೊಳಗೆ ಬರೋಕೆ ಆಗಲ್ಲ. ಅದಕ್ಕೇ ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿ ದಡದಿಂದ ಸುಮಾರು 16 ಕಿ.ಮೀ. ಆಚೆ, ಸುಮಾರು 30 ಮೀಟರ್ ಆಳದ ನೀರಿನಲ್ಲಿ ಒಂದು ಬೋಯ್ ನಿಲ್ಲಿಸಿದೆ. 2013ರಿಂದ ಅದು ಕೆಲಸ ಮಾಡುತ್ತಿದೆ. ಆಫೀಸಿನ ಭಾಷೆಯಲ್ಲಿ ಇದಕ್ಕೆ ಸಿಂಗಲ್ ಪಾಯಿಂಟ್ ಮೂರಿಂಗ್, ಚಿಕ್ಕದಾಗಿ ಎಸ್‌ಪಿಎಂ ಅಂತಾರೆ. ಹಡಗು ಬಂದರಿಗೆ ಬರೋ ಬದಲು ಈ ಬೋಯ್‌ಗೆ ಮೂತಿ ಕಟ್ಟಿಕೊಂಡು ನಿಲ್ಲುತ್ತದೆ. ತೈಲ ಹಡಗಿನಿಂದ ತೇಲುವ ಹೋಸ್ ಪೈಪಿಗೆ, ಅಲ್ಲಿಂದ ಬೋಯ್‌ಗೆ, ಬೋಯ್‌ನಿಂದ ಕೆಳಗಿನ ಹೋಸಿಗೆ, ಆಮೇಲೆ ಸಮುದ್ರದ ತಳದ ಪೈಪಿನಲ್ಲಿ ದಡಕ್ಕೆ. ತೈಲ ಬಾವಿಗಳ ಹತ್ತಿರವೂ ಇಂಥ ಬೋಯ್ ಇರುತ್ತವೆ. ಅಲ್ಲಿ ದಾರಿ ಉಲ್ಟಾ. ಬಾವಿಯಿಂದ ಬಂದದ್ದು ಹಡಗಿಗೆ ಹೋಗುತ್ತದೆ.

ನೀರಿನ ಮೇಲೆ ಕಾಣೋದು 10–12 ಮೀಟರ್ ಅಗಲದ ಉಕ್ಕಿನ ತೇಲು, ಒಂದು ಏಣಿ, ದೀಪ, ಸೋಲಾರ್ ಪ್ಯಾನೆಲ್, ಒಂದಷ್ಟು ಪೈಪು. ಇದನ್ನು ನೋಡಲು ರೋಬೋಟ್ ಬೇಡ, ನಿಮ್ಮ ಮಾತು ಸರಿ. ಆದರೆ ಕೆಡುವುದೆಲ್ಲ ಕೆಳಗೆ. ಬೋಯ್ ಅಡಿಯಿಂದ ಸುತ್ತ ನಾಲ್ಕೋ ಆರೋ ಸರಪಳಿ ಇಳಿದು ದೂರದ ಲಂಗರುಗಳಿಗೆ ಹೋಗುತ್ತವೆ. ಗಾಳಿ ತಿರುಗಿದ ಹಾಗೆ ಹಡಗು ಬೋಯ್ ಸುತ್ತ ತಿರುಗುತ್ತಾ ಇರುತ್ತದೆ. ಆ ಎಳೆತವನ್ನೆಲ್ಲ ತಡೆಯಬೇಕಾದ್ದು ಈ ಸರಪಳಿಗಳು.

ಒಂದೇ ಒಂದು ಕೊಂಡಿಯನ್ನು ಹತ್ತಿರದಿಂದ ನೋಡೋಣ. ಸರಪಳಿ ಬೋಯ್‌ನಿಂದ ಇಳಿಜಾರಾಗಿ ಬಂದು ಒಂದು ಕಡೆ ಸಮುದ್ರದ ತಳ ಮುಟ್ಟುತ್ತದೆ. ಅಲೆ ಬಂದಾಗ ಆ ಜಾಗದ ಕೊಂಡಿ ಎದ್ದು ಬೀಳುತ್ತದೆ. 10 ಸೆಕೆಂಡಿಗೊಂದು ಅಲೆ ಅಂದುಕೊಂಡರೂ ದಿನಕ್ಕೆ 8,640 ಸಲ. ಪ್ರತಿ ಸಲವೂ ಪಕ್ಕದ ಕೊಂಡಿಗೆ ಉಜ್ಜುತ್ತದೆ, ನಡುವೆ ಮರಳೂ ಸೇರಿಕೊಂಡಿರುತ್ತದೆ. ಕೊಂಡಿಯ ಉದ್ದದ ಭಾಗ ಹೊಸದರ ಹಾಗೇ ಇರಬಹುದು. ಎರಡು ಕೊಂಡಿ ಒಂದಕ್ಕೊಂದು ತಾಗುವ ತಿರುವಿನಲ್ಲಿ ಮಾತ್ರ ಲೋಹ ತಿಂದುಹೋಗಿರುತ್ತದೆ. ಅಳೆಯಬೇಕಾದ್ದು ಸರಿಯಾಗಿ ಅಲ್ಲಿ. ಅಲ್ಲೇ ಪಚ್ಚಿಲೆ, ಪಾಚಿ, ಕಲ್ಲಿನ ಹಾಗೆ ಅಂಟಿದ ಚಿಪ್ಪುಗಳೂ ಇರುತ್ತವೆ. ಅವನ್ನು ನೀರಿನ ಜೆಟ್‌ನಿಂದ ಕಿತ್ತು, ಉಕ್ಕು ಕಾಣೋವರೆಗೆ ತೊಳೆದು, ಆಮೇಲೆ ದಪ್ಪ ಅಳೆಯುವ ಕ್ಯಾಲಿಪರ್ ಹಿಡಿಯಬೇಕು. ಚಿಪ್ಪಿನ ಮೇಲೆ ಅಳೆದರೆ ಸವೆದ ಕೊಂಡಿಯೂ ದಪ್ಪ ಅಂತಲೇ ತೋರಿಸುತ್ತದೆ. ಹಡಗಿನ ಲಂಗರು ಸರಪಳಿಗೆ ಒಂದು ಲೆಕ್ಕ ಇದೆ: ಸರಾಸರಿ ದಪ್ಪ ಶೇ 12ಕ್ಕಿಂತ ಜಾಸ್ತಿ ಸವೆದರೆ ಬದಲಿಸಬೇಕು. 100 ಮಿ.ಮೀ. ಇದ್ದದ್ದು 88ಕ್ಕಿಂತ ಕೆಳಗೆ ಹೋದರೆ ಮುಗಿಯಿತು. ಬೋಯ್ ಸರಪಳಿಗೆ ಇದಕ್ಕಿಂತ ಬಿಗಿಯಾದ ಮಿತಿ ಇಟ್ಟುಕೊಳ್ಳುವವರೂ ಇದ್ದಾರೆ.

ಈಗ ಡೈವರ್ ವಿಷಯ. 30 ಮೀಟರ್ ಆಳದಲ್ಲಿ ಮೈಮೇಲಿನ ಒತ್ತಡ ದಡದಲ್ಲಿರುವುದಕ್ಕಿಂತ ನಾಲ್ಕು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತಕ್ಕೆ ಸೇರುತ್ತದೆ. ತಕ್ಷಣ ಮೇಲೆ ಬಂದರೆ ಅದು ಮೈಯೊಳಗೆ ಗುಳ್ಳೆಯಾಗುತ್ತದೆ. ಹಾಗಾಗಿ ದಾರಿಯಲ್ಲಿ ನಿಂತು ನಿಂತು ಬರುವ ತಾಪತ್ರಯ ಇಲ್ಲದೆ ಆ ಆಳದಲ್ಲಿ ಇರಬಹುದಾದ್ದು ಸುಮಾರು 20ರಿಂದ 25 ನಿಮಿಷ. ಇಳಿಯುವ ಹೊತ್ತೂ ಅದರಲ್ಲೇ ಸೇರಿತು. ಒಂದು ಕೊಂಡಿ ತೊಳೆದು ಅಳೆಯೋಕೇ ಅದು ಸರಿಹೋಗುತ್ತದೆ. ಉಳಿದ ಸರಪಳಿಗಳು, ಹೋಸು, ತಳದ ವಾಲ್ವು, ಬೋಯ್ ಅಡಿ ಎಲ್ಲ ಬಾಕಿ. ಮತ್ತೆ ಮತ್ತೆ ಜನ ಇಳಿಸಬೇಕು. ಒಬ್ಬ ಇಳಿದರೆ ಮೇಲೆ ಇನ್ನೊಬ್ಬ ತಯಾರಾಗಿ ಕೂತಿರಬೇಕು. ಮೈಯಲ್ಲಿ ಗುಳ್ಳೆಯಾದರೆ ಕೂರಿಸಲು ಒತ್ತಡದ ಚೇಂಬರ್ ಇರಬೇಕು, ಸೂಪರ್‌ವೈಸರ್ ಇರಬೇಕು. "ಡೈವರ್ ಒಬ್ಬ" ಅಂದಿರಲ್ಲ, ಆ ಕೆಲಸದಲ್ಲಿ ಒಬ್ಬ ಅನ್ನೋದೇ ಇಲ್ಲ.

ಇದರ ಮೇಲೆ ನೀರಿನ ಸೆಳೆತ ಬೇರೆ. 2024ರಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯಲ್ಲಿ ಏನಾಯ್ತು ಅಂತ ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ನುರಿತ ಮುಳುಗು ತಜ್ಞರಿದ್ದರೂ ಜುಲೈನ ಆ ಹರಿವಿನಲ್ಲಿ ಏನೂ ಮಾಡೋಕಾಗಲಿಲ್ಲ. ನದಿ ಪಾಲಾಗಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ, ಹೂಳೆತ್ತುವ ಡ್ರೆಜ್ಜರ್ ಬಂದ ಮೇಲೆ. ಧೈರ್ಯಕ್ಕೆ ಕೊರತೆ ಇರಲಿಲ್ಲ. ನೀರು ಬಿಡಲಿಲ್ಲ, ಅಷ್ಟೇ.

ರೋಬೋಟಿಗೆ ನೈಟ್ರೋಜನ್ ಕಾಟ ಇಲ್ಲ. ಆರು ಗಂಟೆ ಬೇಕಾದರೂ ಕೆಳಗೇ ಇರುತ್ತದೆ. ಇದಕ್ಕೆ ಆರ್‌ಒವಿ ಅಂತ ಹೆಸರು. ಮೇಲೆ ಫೋಮ್ ತುಂಡು, ಕೆಳಗೆ ಫ್ರೇಮ್, ಸುತ್ತ ಸಣ್ಣ ಸಣ್ಣ ಪ್ರೊಪೆಲ್ಲರ್, ಕ್ಯಾಮೆರಾ, ದೀಪ, ಶಬ್ದದಿಂದ ನೋಡುವ ಸೋನಾರ್, ದೊಡ್ಡದಾದರೆ ಒಂದೆರಡು ಕೈ. ಫೋಮ್ ಹಾಕುವುದು ತೇಲೋಕಲ್ಲ. ಮುಳುಗಲೂಬಾರದು, ಏಳಲೂಬಾರದು, ಬಿಟ್ಟಲ್ಲೇ ನಿಲ್ಲಬೇಕು ಅಂತ ತೂಕ ಸರಿಮಾಡಿರುತ್ತಾರೆ. ಇಬ್ಬರಿಗೆ ಎತ್ತೋಕಾಗುವ ಸಣ್ಣ ರೋಬೋಟುಗಳೂ ಇವೆ, ಕ್ರೇನ್ ಬೇಕಾಗುವ 3 ಟನ್ ಮೀರಿದವೂ ಇವೆ. ಬರೀ ನೋಡುವ ಕೆಲಸಕ್ಕೆ ಸಣ್ಣದು ಸಾಕು.

ಬಾಲದ ಹಾಗೆ ಒಂದು ಕೇಬಲ್ ಯಾಕೆ, ರಿಮೋಟ್‌ನಲ್ಲಿ ಓಡಿಸಬಹುದಲ್ಲ ಅಂತ ಕೇಳುವವರಿದ್ದಾರೆ. ಉಪ್ಪು ನೀರಿನಲ್ಲಿ ರೇಡಿಯೋ ಅಲೆ ದೂರ ಹೋಗುವುದಿಲ್ಲ. ಮೊಬೈಲು, ವೈಫೈ, ಜಿಪಿಎಸ್ ಯಾವುದೂ ನಡೆಯಲ್ಲ. ಕರೆಂಟು ಕೆಳಗೆ ಹೋಗುವುದೂ ವಿಡಿಯೋ ಮೇಲೆ ಬರುವುದೂ ಕೇಬಲ್‌ನಲ್ಲೇ. ರೋಬೋಟ್ ಎಲ್ಲಿದೆ ಅಂತ ತಿಳಿಯಲು ಶಬ್ದ ಬಳಸುತ್ತಾರೆ. ಬೋಟಿನ ಅಡಿಯಿಂದ ಒಂದು ಸದ್ದು ಹೋಗುತ್ತದೆ, ರೋಬೋಟಿನ ಮೇಲಿನ ಬೀಕನ್ ಉತ್ತರ ಕೊಡುತ್ತದೆ. ಸಮುದ್ರದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. ಹೋಗಿ ಬಂದ ಹೊತ್ತಿನಿಂದ ದೂರ ಗೊತ್ತಾಗುತ್ತದೆ.

ಪರದೆ ಮೇಲೆ ಕಾಣುವುದು ಟಿವಿಯಲ್ಲಿ ತೋರಿಸುವ ನೀಲಿ ಸಮುದ್ರ ಅಲ್ಲ. ನಮ್ಮ ಕರಾವಳಿಯ ನೀರಿನಲ್ಲಿ ಕೆಸರಿನ ಕಣ ಜಾಸ್ತಿ. ಆಗುಂಬೆ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರು ಬಿಳಿ ಗೋಡೆ ಬರುತ್ತದಲ್ಲ, ಇಲ್ಲೂ ಹಾಗೇ. ದೀಪ ಹೆಚ್ಚಿಸಿದಷ್ಟೂ ಕಾಣುವುದು ಕಡಿಮೆ. ಅದಕ್ಕೆ ದೀಪವನ್ನು ಪಕ್ಕಕ್ಕೆ ಸರಿಸಿ, ಹತ್ತಿರ ಹೋಗಿ, ನಿಧಾನ ನೋಡುತ್ತಾರೆ. ಕ್ಯಾಮೆರಾ ಪಕ್ಕದಲ್ಲಿ ಎರಡು ಲೇಸರ್ ಇರುತ್ತವೆ. ಎರಡು ಚುಕ್ಕಿಯ ನಡುವಿನ ಅಂತರ ಮೊದಲೇ ಗೊತ್ತು. ಬಿರುಕಿನ ಪಕ್ಕ ಆ ಚುಕ್ಕಿ ಬಿದ್ದರೆ ಅದೆಷ್ಟು ಉದ್ದ ಅಂತ ಮೇಲೆ ಕೂತೇ ಹೇಳಬಹುದು.

ನೋಡುವುದಷ್ಟೇ ಅಲ್ಲ, ಮುಟ್ಟಿ ತಿಳಿಯುವುದೂ ಇದೆ. ಉಕ್ಕು ತುಕ್ಕು ಹಿಡಿಯದಿರಲಿ ಅಂತ ಬೋಯ್ ಮೈಗೆ ಸತುವಿನ ಅಥವಾ ಅಲ್ಯೂಮಿನಿಯಂ ಗಟ್ಟಿಗಳನ್ನು ಕೂರಿಸಿರುತ್ತಾರೆ. ಉಕ್ಕಿನ ಬದಲು ಇವು ಕರಗುತ್ತವೆ. ರೋಬೋಟ್ ತನ್ನ ಮೊನೆಯಿಂದ ಉಕ್ಕನ್ನು ಚುಚ್ಚಿ ವೋಲ್ಟೇಜ್ ನೋಡುತ್ತದೆ. ಬೆಳ್ಳಿಯ ಎಲೆಕ್ಟ್ರೋಡಿಗೆ ಹೋಲಿಸಿದ ಅಳತೆಯಲ್ಲಿ ಮೈನಸ್ 0.80 ವೋಲ್ಟ್ ಅಥವಾ ಅದಕ್ಕಿಂತ ಕೆಳಗೆ ಬಂದರೆ ರಕ್ಷಣೆ ಇದೆ ಅಂತ ಅರ್ಥ. ಮೈನಸ್ 0.65 ಬಂದರೆ ಗಟ್ಟಿ ಕರಗಿ ಮುಗಿದಿದೆಯಾ, ಕಳಚಿ ಬಿದ್ದಿದೆಯಾ ಅಂತ ಹುಡುಕಬೇಕು. ಹೋಸಿನ ಮೇಲೆ ಕೂರಿಸಿದ ತೇಲುಗಳು ಜಾಗದಲ್ಲಿವೆಯಾ, ಸರಪಳಿ ಇಳಿಯುವ ಕೋನ ಕಳೆದ ಸಲದಷ್ಟೇ ಇದೆಯಾ, ಬಲೆ ಸುತ್ತಿಕೊಂಡಿದೆಯಾ ಅಂತಲೂ ನೋಡುತ್ತಾರೆ. ಬಲೆ ಸಿಗುವುದು ಹೊಸದೇನಲ್ಲ. ನೆರಳಿರುವಲ್ಲಿ ಮೀನು ಸೇರುತ್ತದೆ, ಮೀನಿರುವಲ್ಲಿ ಬಲೆ ಬರುತ್ತದೆ.

ಇನ್ನು ಬೋಟು. ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ರೋಬೋಟಿಗಿಂತ ಕಷ್ಟದ್ದು ಇದೇ. ಬೋಟು ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಲ್ಲಬೇಕು. ಲಂಗರು ಹಾಕೋಣ ಅಂದರೆ ಕೆಳಗೆ ತೈಲದ ಪೈಪ್ ಇದೆ. ಅದಕ್ಕೆ ಜಿಪಿಎಸ್ ನೋಡಿಕೊಂಡು ಕಂಪ್ಯೂಟರೇ ಪ್ರೊಪೆಲ್ಲರ್ ತಿರುಗಿಸುವ ಬೋಟು ತರುತ್ತಾರೆ. ಈಗ ಯೋಚಿಸಿ: ಯಾವ ಪ್ರೊಪೆಲ್ಲರ್ ಬೋಟನ್ನು ಹಿಡಿದು ನಿಲ್ಲಿಸಿದೆಯೋ ಅದೇ ರೋಬೋಟಿನ ಕೇಬಲನ್ನು ಎಳೆದು ತುಂಡು ಮಾಡಬಹುದು. ಕೇಬಲ್ ಜಾಗದಲ್ಲಿ ಡೈವರ್‌ನ ಗಾಳಿಯ ಪೈಪ್ ಇದ್ದರೆ? ಡೈವರ್ ಬದಲು ರೋಬೋಟ್ ಯಾಕೆ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಕೇಬಲ್ ಹೋದರೆ ದುಡ್ಡು ಹೋಗುತ್ತದೆ.

ಇನ್ನೊಂದು ಸೂಕ್ಷ್ಮ. ಬೋಟನ್ನು ಬೋಯ್‌ನ ಯಾವ ಕಡೆ ನಿಲ್ಲಿಸಬೇಕು? ಗಾಳಿಯೂ ಸೆಳೆತವೂ ಬೋಟನ್ನು ಬೋಯ್‌ನಿಂದ ಆಚೆ ತಳ್ಳುವ ಕಡೆ. ಎಂಜಿನ್ ಕೈಕೊಟ್ಟರೂ ಅದು ದೂರ ಹೋಗುತ್ತದೆ, ಬೋಯ್ ಮೇಲೆ ಬೀಳುವುದಿಲ್ಲ. ಒಳ್ಳೆಯ ಕ್ಯಾಪ್ಟನ್ ಬೋಯ್ ಹತ್ತಿರ ಹೋಗೋಕೆ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ನಿಂತು ಬೋಟು ಎತ್ತ ತೇಲುತ್ತದೆ ಅಂತ ನೋಡುತ್ತಾನೆ.

ರೋಬೋಟ್ ಬಂದ ಮಾತ್ರಕ್ಕೆ ಅಪಾಯ ಹೋಯ್ತು ಅಂತಲ್ಲ. ಬೋಯ್ ಮೇಲಿನ ಬೇರಿಂಗ್, ದೀಪ, ಒಳಗಿನ ಖಾನೆಗಳಿಗೆ ನೀರು ಸೇರಿದೆಯಾ ಎನ್ನುವುದನ್ನು ಮನುಷ್ಯರೇ ಹತ್ತಿ ನೋಡಬೇಕು. ಬೋಟು ಏಳುವಾಗ ಬೋಯ್ ಇಳಿಯುತ್ತಿರುತ್ತದೆ. ಆ ನಡುವೆ ಏಣಿ ಹಿಡಿಯುವ ಕ್ಷಣಕ್ಕೆ ಯಾವ ರೋಬೋಟೂ ಸಹಾಯಕ್ಕೆ ಬರಲ್ಲ. ಹವಾಮಾನವನ್ನಂತೂ ಕೇಳಲೇಬೇಡಿ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಇದೇ ಕರಾವಳಿಯಲ್ಲಿ ಒಂದು ಟಗ್ (ಹಡಗು ಎಳೆಯುವ ಬೋಟು) ಮಗುಚಿತು. ಇನ್ನೊಂದು ಮೂಲ್ಕಿ ಹತ್ತಿರ ಬಂಡೆಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ 9 ಜನರನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಕಾಪಾಡಿ ತಂದರು. ಮಳೆಗಾಲದಲ್ಲಿ ಈ ಕೆಲಸ ಹೆಚ್ಚುಕಮ್ಮಿ ನಿಲ್ಲುತ್ತದೆ. ನಿಮ್ಮ ಅಳಿಯ ಜೂನ್‌ನಲ್ಲಿ ಮನೆಗೆ ಬಂದು ತೋಟಕ್ಕೆ ಔಷಧಿ ಹೊಡೆಸುವಾಗ ನಿಂತರೆ ಕೆಲಸ ಬಿಟ್ಟು ಬಂದ ಅಂತ ಗಾಬರಿಯಾಗಬೇಡಿ. ಬೋರ್ಡೋ ಹೊಡೆಯುವ ಕಾಲಕ್ಕೂ ಸಮುದ್ರದ ರಜೆಗೂ ಚೆನ್ನಾಗಿ ಹೊಂದುತ್ತದೆ.

ಹಾಗಾದರೆ ಡೈವರ್ ಬೇಡವೇ ಬೇಡವಾ? ಬೇಕು. ರೋಬೋಟ್ ಹುಡುಕಿ ಕೊಟ್ಟ ದೋಷವನ್ನು ಸರಿಮಾಡೋಕೆ, ಬೋಲ್ಟ್ ಬಿಚ್ಚೋಕೆ, ಹೋಸ್ ಬದಲಿಸೋಕೆ 30 ಮೀಟರ್‌ನಲ್ಲಿ ಮನುಷ್ಯನ ಕೈಯಷ್ಟು ಚುರುಕು ಇನ್ನೊಂದಿಲ್ಲ. ನೋಡುವುದನ್ನೆಲ್ಲ ರೋಬೋಟಿಗೆ ಬಿಟ್ಟು, ಆ 25 ನಿಮಿಷವನ್ನು ಕೈಕೆಲಸಕ್ಕೆ ಉಳಿಸಿಕೊಳ್ಳುತ್ತಾರೆ. ಆಳ ಸಮುದ್ರದ ಕಥೆ ಬೇರೆ. ಕಾಕಿನಾಡದ ಆಚೆ ಒಎನ್‌ಜಿಸಿಯ ಕೃಷ್ಣಾ-ಗೋದಾವರಿ (ಕೆಜಿ) ಬ್ಲಾಕ್‌ನಲ್ಲಿ 2024ರ ಜನವರಿಯಲ್ಲಿ ತೈಲ ಬರಲು ಶುರುವಾಯಿತು. ಅಂಥ ಕಡೆ ನೂರಾರು ಮೀಟರ್ ಕೆಳಗೆ ಬೋಲ್ಟ್ ತಿರುಗಿಸುವುದೂ ರೋಬೋಟೇ.

ಲಿಂಗನಮಕ್ಕಿ ಪ್ರಶ್ನೆಗೆ: ಇಳಿಸಬಹುದು. ಅಣೆಕಟ್ಟಿನ ಗೇಟು, ನೀರು ಒಳಗೆ ಹೋಗುವ ಜಾಲರಿ ನೋಡೋಕೆ ಇಂಥ ಸಣ್ಣ ರೋಬೋಟುಗಳನ್ನು ಬೇರೆ ಬೇರೆ ದೇಶಗಳಲ್ಲಿ ಬಳಸುತ್ತಾರೆ. ಶರಾವತಿ ಹಿನ್ನೀರಿನಲ್ಲಿ ಮುಳುಗಿರುವ ಹಳೇ ಮರದ ಬೊಡ್ಡೆಗಳಿಗೆ ಕೇಬಲ್ ಸಿಕ್ಕಿಕೊಳ್ಳುವ ಭಯ ಇದೆ, ಅದನ್ನು ನೋಡಿಕೊಳ್ಳಬೇಕು. ಆದರೆ ಮಂಗಳೂರಿಂದ ತಂದದ್ದನ್ನು ಹಾಗೇ ನೀರಿಗೆ ಬಿಟ್ಟರೆ ನಿಧಾನ ತಳಕ್ಕೆ ಇಳಿಯುತ್ತದೆ. ಸಮುದ್ರದ ನೀರು ಹೊಳೆ ನೀರಿಗಿಂತ ಶೇ 2.5ರಷ್ಟು ಭಾರ. ಸಮುದ್ರಕ್ಕೆ ಸರಿಹೊಂದಿಸಿದ 100 ಕೆ.ಜಿ. ರೋಬೋಟ್ ಸಿಹಿ ನೀರಿನಲ್ಲಿ ಸುಮಾರು ಎರಡೂವರೆ ಕೆ.ಜಿ. ಭಾರವಾಗುತ್ತದೆ. ಅಷ್ಟನ್ನು ಎತ್ತಿ ಹಿಡಿಯುವ ಫೋಮ್ ತುಂಡನ್ನು ಮೇಲೆ ಕಟ್ಟಿ ಇಳಿಸಿದರೆ ಆಯ್ತು. ಕಟ್ಟೋಕೆ ಹತ್ತು ನಿಮಿಷ ಸಾಕು. ನಿಮ್ಮ ಅಳಿಯನಿಗೂ ಗೊತ್ತಿರುತ್ತದೆ, ಕೇಳಿ ನೋಡಿ.